ಸ್ಟ್ಯಾಮಿನಾ ಇಲ್ಲ ಅನ್ನುವ ಮುಂಚೆ: ಫುಟ್‌ಬಾಲ್ ಆಟಗಾರನ ದಣಿವಿನ ಲೆಕ್ಕ

ಪಂದ್ಯ ಮುಗಿಯಲು ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಆಟಗಾರನೊಬ್ಬ ಓಡುವುದು ಬಿಟ್ಟು ನಡೆಯತೊಡಗಿದ ಅಂದುಕೊಳ್ಳಿ. ಕಲಬುರಗಿಯ ಯಾವ ಮೈದಾನದಲ್ಲಾದರೂ ಕೇಳಿಸುವ ಮಾತು ಒಂದೇ: "ಸ್ಟ್ಯಾಮಿನಾನೇ ಇಲ್ರಿ ಇವಂಗ." ಮರುದಿನ ಬೆಳಿಗ್ಗೆ ಅವನಿಗೆ ಐದು ಸುತ್ತು ಜಾಸ್ತಿ ಓಟ. ಓಡಿದರೆ ದಮ್ಮು ಬರುತ್ತದೆ ಅನ್ನುವುದು ಸುಳ್ಳೇನಲ್ಲ. ಆದರೆ ಅವನು ಹಿಂದಿನ ದಿನ ತಾನೇ ಒಂದು ಪಂದ್ಯ ಆಡಿರಬಹುದು. ರಾತ್ರಿ ನಾಲ್ಕೇ ತಾಸು ಮಲಗಿರಬಹುದು. ಮೈಯಲ್ಲಿ ನೀರೇ ಇಲ್ಲದಿರಬಹುದು. ಅಂಥವನಿಗೆ ಐದು ಸುತ್ತು ಓಡಿಸಿದರೆ ಏನು ಸಿಗುತ್ತದೆ? ಇನ್ನಷ್ಟು ದಣಿವು, ಅಷ್ಟೇ.

ಯುರೋಪಿನಲ್ಲಿ ವಾದ ಇದಕ್ಕೆ ಉಲ್ಟಾ. ಅಲ್ಲಿ ಆಟಗಾರ ಕುಸಿದರೆ ಬೈಗುಳ ಬೀಳುವುದು ವೇಳಾಪಟ್ಟಿಗೆ. ಪಂದ್ಯ ಜಾಸ್ತಿಯಾದವು, ಕಡಿಮೆ ಮಾಡಿ ಅನ್ನುತ್ತಾರೆ. ಎರಡೂ ಕಡೆಯವರು ಒಂದೊಂದೇ ಅಂಕಿ ನೋಡುತ್ತಿದ್ದಾರೆ ಅನ್ನುವುದು ನನ್ನ ಅನಿಸಿಕೆ. ದೇಹಕ್ಕೆ ರೂಢಿ ಇದ್ದದ್ದೆಷ್ಟು, ಈ ವಾರ ಅದರಿಂದ ಕೇಳಿದ್ದೆಷ್ಟು, ನಡುವೆ ಕೊಟ್ಟ ಬಿಡುವೆಷ್ಟು, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ದಣಿವಿನ ಲೆಕ್ಕ ತಾಳೆಯಾಗುವುದೇ ಇಲ್ಲ.

ಮೊದಲು ದೊಡ್ಡವರ ಕಥೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್‌ನ ರೋಡ್ರಿ 2024ರ ಸೆಪ್ಟೆಂಬರ್‌ನಲ್ಲಿ ಪತ್ರಕರ್ತರ ಮುಂದೆ ಕೂತು, ಆಟಗಾರರು ಮುಷ್ಕರ ಹೂಡುವ ದಿನ ಹತ್ತಿರದಲ್ಲಿದೆ ಅಂದರು. ಹಿಂದಿನ ಸೀಸನ್‌ನಲ್ಲಿ ಕ್ಲಬ್ ಮತ್ತು ದೇಶ ಎರಡೂ ಸೇರಿ ಅವರು 60ಕ್ಕೂ ಹೆಚ್ಚು ಪಂದ್ಯ ಆಡಿದ್ದರು. ಈ ಮಾತು ಆಡಿ ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 22ರಂದು ಆರ್ಸೆನಲ್ ವಿರುದ್ಧ, ಅವರ ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟು ಹರಿಯಿತು. ಸೀಸನ್ ಬಹುಪಾಲು ಹೋಯಿತು. "ನೋಡಿ, ಹೇಳಿದ್ದರಲ್ಲ" ಎಂದು ಜಗತ್ತೆಲ್ಲ ಅಂದಿತು.

ಆದರೆ ಇದರಲ್ಲಿ ಜನ ಮರೆತ ಒಂದು ಸಂಗತಿ ಇದೆ. ಜುಲೈನಲ್ಲಿ ಯುರೋಪಿನ ದೇಶಗಳ ಟೂರ್ನಮೆಂಟ್ ಆದ ಯುರೋದ ಫೈನಲ್‌ನ ಅರ್ಧದಲ್ಲೇ ರೋಡ್ರಿ ಗಾಯಗೊಂಡು ಹೊರಗೆ ಬಂದಿದ್ದರು. ಆಮೇಲೆ ವಾರಗಟ್ಟಲೆ ಮೈದಾನದಿಂದ ದೂರ. ಆರ್ಸೆನಲ್ ಪಂದ್ಯ ಆ ಸೀಸನ್‌ನ ಲೀಗ್‌ನಲ್ಲಿ ಅವರು ಶುರುವಿನಿಂದ ಆಡಿದ ಮೊದಲ ಪಂದ್ಯ. ಹಾಗಾದರೆ ಕಾರಣ ಹಿಂದಿನ ವರ್ಷದ ಅತಿ ಆಟವೋ, ಬಿಡುವಿನ ನಂತರ ಒಮ್ಮೆಲೇ ಬಿದ್ದ ಹೊರೆಯೋ, ಅಥವಾ ಕಾಲು ತಿರುಚಿದ ಕೆಟ್ಟ ಗಳಿಗೆಯೋ? ಒಬ್ಬನ ಒಂದು ಗಾಯದಿಂದ ಯಾರೂ ಇದನ್ನು ಸಾಬೀತು ಮಾಡಲಾರರು.

ಬಾರ್ಸಿಲೋನಾದ ಪೆಡ್ರಿಯ ಕಥೆ ಇದಕ್ಕಿಂತ ಸ್ಪಷ್ಟ. 2020-21ರಲ್ಲಿ ಈ ಹುಡುಗನಿಗೆ 18 ವರ್ಷ. ಕ್ಲಬ್, ಯುರೋ, ಅದರ ಬೆನ್ನಿಗೇ ಟೋಕಿಯೊ ಒಲಿಂಪಿಕ್ಸ್, ಎಲ್ಲ ಸೇರಿ 70ಕ್ಕೂ ಹೆಚ್ಚು ಪಂದ್ಯ. ಒಲಿಂಪಿಕ್ಸ್ ಫೈನಲ್ ನಡೆದದ್ದು ಆಗಸ್ಟ್ 7ರಂದು. ಅದೇ ತಿಂಗಳು ಮುಂದಿನ ಸೀಸನ್ ಶುರು. ಆ ವರ್ಷ ಅವನ ತೊಡೆಯ ಸ್ನಾಯು ಮತ್ತೆ ಮತ್ತೆ ಕೈಕೊಟ್ಟಿತು. ಇನ್ನೂ ಬಲಿಯುತ್ತಿದ್ದ ಮೈ, ಮೊದಲೆಂದೂ ಹೊರದಷ್ಟು ಹೊರೆ, ನಡುವೆ ಬಿಡುವೇ ಇಲ್ಲ. ಮೂರೂ ಒಟ್ಟಿಗೇ ಕೂಡಿ ಬಂದಿದ್ದವು.

ವೇಳಾಪಟ್ಟಿಯಂತೂ ಉಬ್ಬುತ್ತಲೇ ಇದೆ. ಯುರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ನ ಮೊದಲ ಹಂತದಲ್ಲಿ ತಂಡಕ್ಕೆ 6 ಪಂದ್ಯ ಇದ್ದದ್ದು 2024-25ರಿಂದ 8 ಆಯಿತು. 2025ರ ಬೇಸಿಗೆಯಲ್ಲಿ ಅಮೆರಿಕದಲ್ಲಿ 32 ತಂಡಗಳ ಕ್ಲಬ್ ವಿಶ್ವಕಪ್ ನಡೆಯಿತು. 2026ರ ವಿಶ್ವಕಪ್‌ಗೆ 48 ತಂಡ, 104 ಪಂದ್ಯ. ಹಿಂದೆ ಇದ್ದದ್ದು 32 ತಂಡ, 64 ಪಂದ್ಯ. ಆಟಗಾರರ ಒಕ್ಕೂಟ ಫಿಫ್‌ಪ್ರೋ ಮತ್ತು ಯುರೋಪಿನ ಲೀಗ್‌ಗಳು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ವಿರುದ್ಧ 2024ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟವು. ಒಂದೇ ಒಂದು ಸಮಾಧಾನ ಅಂದರೆ ಬದಲಿ ಆಟಗಾರರ ನಿಯಮ. ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಬಂದ ಐದು ಬದಲಾವಣೆಯ ಅವಕಾಶ 2022ರಿಂದ ಕಾಯಂ ಆಗಿದೆ.

ಇನ್ನು ಮೈಯೊಳಗೆ ಏನಾಗುತ್ತದೆ ಅನ್ನುವುದು. ವೃತ್ತಿಪರ ಆಟಗಾರ ಒಂದು ಪಂದ್ಯದಲ್ಲಿ ಸುಮಾರು 10ರಿಂದ 13 ಕಿಲೋಮೀಟರ್ ಸಾಗುತ್ತಾನೆ. ಅದರಲ್ಲಿ ನಡಿಗೆ, ಮೆಲ್ಲಗಿನ ಓಟವೇ ಜಾಸ್ತಿ. ಬಿರುಸಿನ ಓಟ ಸುಮಾರು ಹತ್ತನೇ ಒಂದು ಪಾಲು ಮಾತ್ರ. ಆದರೆ ಮೈಯನ್ನು ಹಿಂಡುವುದು ಆ ಒಂದು ಪಾಲೇ. ಎರಡು-ಮೂರು ಸೆಕೆಂಡಿನ ನೆಗೆತ, ತಟ್ಟನೆ ನಿಲ್ಲುವುದು, ತಿರುಗುವುದು, ಮತ್ತೆ ನೆಗೆತ. ನಿಲ್ಲುವಾಗ ಸ್ನಾಯು ಎಳೆತಕ್ಕೆ ಸಿಕ್ಕಿಕೊಂಡೇ ಕೆಲಸ ಮಾಡಬೇಕು. ಆಗಲೇ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಹರುಕು ಬೀಳುವುದು. ಮರುದಿನಕ್ಕಿಂತ ಮೂರನೇ ದಿನ ಕಾಲು ಜಾಸ್ತಿ ನೋಯುವುದು ಅದಕ್ಕೇ.

ಇದರ ಜೊತೆ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಖಾಲಿಯಾಗುತ್ತದೆ. ಅನ್ನ, ರೊಟ್ಟಿಯಿಂದ ಬಂದ ಸಕ್ಕರೆ ಸ್ನಾಯುವಿನಲ್ಲಿ ಉಳಿಯುವ ರೂಪ ಅದು. ಚೆನ್ನಾಗಿ ಉಂಡು ಮಲಗಿದರೂ ಅದು ಪೂರ್ತಿ ತುಂಬಲು 48ರಿಂದ 72 ತಾಸು ಬೇಕು. ಎರಡು ಪಂದ್ಯಗಳ ನಡುವೆ ಕನಿಷ್ಠ 72 ತಾಸು ಇರಲಿ ಎಂದು ಎಲ್ಲರೂ ಹೇಳುವುದರ ಹಿಂದೆ ಈ ಲೆಕ್ಕ ಇದೆ.

ಗ್ರೆಗರಿ ಡ್ಯುಪಾಂ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಟೂರ್ನಮೆಂಟ್ ನಡೆಸುವವರು ಒಮ್ಮೆಯಾದರೂ ನೋಡಬೇಕು. ಒಂದು ವೃತ್ತಿಪರ ತಂಡದ 32 ಆಟಗಾರರನ್ನು ಎರಡು ಸೀಸನ್ ಗಮನಿಸಿದರು. ವಾರಕ್ಕೆ ಒಂದು ಪಂದ್ಯ ಆಡಿದಾಗ ಸಾವಿರ ತಾಸಿಗೆ 4.1 ಗಾಯ. ವಾರಕ್ಕೆ ಎರಡು ಆಡಿದಾಗ 25.6. ಆರು ಪಟ್ಟು! ಇನ್ನೂ ಮುಖ್ಯವಾದ ಮಾತು ಅಂದರೆ ಎರಡನೇ ಪಂದ್ಯದಲ್ಲಿ ಆಟಗಾರರ ಓಟ ಕಡಿಮೆಯೇನೂ ಆಗಿರಲಿಲ್ಲ. ಎಷ್ಟು ದೂರ ಓಡಿದರು, ಎಷ್ಟು ಬಿರುಸಾಗಿ ಓಡಿದರು ಎಂಬುದರಲ್ಲಿ ಹೇಳಿಕೊಳ್ಳುವಂಥ ಫರಕು ಇರಲಿಲ್ಲ. ಅಂದರೆ ಗೆರೆಯಾಚೆ ನಿಂತ ಕೋಚ್ ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಒಳಗೆ ಮಾತ್ರ ಸ್ನಾಯು ಹರಿಯುವ ಹಂತಕ್ಕೆ ಬಂದಿರುತ್ತದೆ. "ಚೆಂದ ಓಡ್ಲತ್ತಾನಲ್ರಿ, ಇನ್ನೊಂದು ಮ್ಯಾಚ್ ಆಡ್ಲಿ" ಅನ್ನುವ ಕಣ್ಣಂದಾಜು ಮೋಸ ಹೋಗುವುದು ಇಲ್ಲೇ.

ಹರಿಯುವುದು ಹೆಚ್ಚಾಗಿ ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ತನ್ನ ದೊಡ್ಡ ಕ್ಲಬ್‌ಗಳ ಗಾಯಗಳನ್ನು 2001ರಿಂದ ಲೆಕ್ಕ ಇಡುತ್ತ ಬಂದಿದೆ. ಮೊದಲ ಸೀಸನ್‌ನಲ್ಲಿ ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪಾಲು ನೂರಕ್ಕೆ 12. 2021-22ರ ಹೊತ್ತಿಗೆ 24. ಆಟದ ವೇಗ ಹೆಚ್ಚಿದ್ದು, ಪಂದ್ಯ ಹೆಚ್ಚಿದ್ದು ಎರಡೂ ಇದಕ್ಕೆ ಕಾರಣ ಅನ್ನುತ್ತಾರೆ. ಗಾಯಗಳು ಜಾಸ್ತಿ ಆಗುವುದು ಎರಡೂ ಅರ್ಧಗಳ ಕೊನೆಯ ಹೊತ್ತಿನಲ್ಲಿ ಎಂಬುದು ಕೂಡ ಅದೇ ಲೆಕ್ಕದಲ್ಲಿ ಕಂಡಿದೆ.

ಇಷ್ಟು ಕೇಳಿ, ಪಂದ್ಯ ಕಡಿಮೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡರೆ ನಮ್ಮ ದೇಶದ ಕಡೆ ಒಮ್ಮೆ ನೋಡಿ. ನಮ್ಮ ವೃತ್ತಿಪರ ಆಟಗಾರರ ರೋಗವೇ ಬೇರೆ. ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನ 2024-25ರ ಫೈನಲ್ 2025ರ ಏಪ್ರಿಲ್ 12ರಂದು ಮುಗಿಯಿತು. ಬೆಂಗಳೂರು ಎಫ್‌ಸಿ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್‌ಗೆ ಸೋತಿತು. ಮುಂದಿನ ಲೀಗ್ ಎಂದಿನಂತೆ ಸೆಪ್ಟೆಂಬರ್‌ನಲ್ಲಿ ಶುರುವಾಗಲಿಲ್ಲ. ಲೀಗ್ ನಡೆಸುವ ಹಕ್ಕಿನ ಒಪ್ಪಂದದ ಜಗಳದಲ್ಲಿ ಎಲ್ಲ ನಿಂತುಹೋಯಿತು. ಕೊನೆಗೆ 2026ರ ಫೆಬ್ರುವರಿ 14ಕ್ಕೆ ದಿನ ನಿಗದಿಯಾಯಿತು, ಅದೂ ತಂಡಗಳು ಒಂದೊಂದೇ ಸಲ ಎದುರಾಗುವ ಗಿಡ್ಡ ಲೀಗ್. ನಡುವೆ ಸೂಪರ್ ಕಪ್‌ನಂಥ ಕೆಲವು ಟೂರ್ನಮೆಂಟ್ ಬಿಟ್ಟರೆ ಹೆಚ್ಚಿನವರಿಗೆ ಹತ್ತು ತಿಂಗಳು ಗಟ್ಟಿ ಪಂದ್ಯವೇ ಇಲ್ಲ. ಕೆಲವು ಕ್ಲಬ್‌ಗಳು ತರಬೇತಿಯನ್ನೇ ನಿಲ್ಲಿಸಿದವು.

ಇಷ್ಟು ದಿನ ಸುಮ್ನೆ ಕೂತಿದ್ದ ಆಟಗಾರ ಚೆನ್ನಾಗಿ ಸುಧಾರಿಸಿಕೊಂಡಿರುತ್ತಾನೆ, ಅಲ್ವಾ? ಇಲ್ಲ. ಅಮೆರಿಕದಲ್ಲಿ ಅವರದೇ ಬಗೆಯ ಫುಟ್‌ಬಾಲ್ ಲೀಗ್ 2011ರಲ್ಲಿ ಮಾಲೀಕರು-ಆಟಗಾರರ ಜಗಳದಿಂದ ತಿಂಗಳುಗಟ್ಟಲೆ ಬಾಗಿಲು ಹಾಕಿತ್ತು. ಆಟಗಾರರು ಕ್ಲಬ್ಬಿನ ತರಬೇತುದಾರರ ಹತ್ತಿರವೂ ಹೋಗುವಂತಿರಲಿಲ್ಲ. ಬಾಗಿಲು ತೆರೆದು ಶಿಬಿರ ಶುರುವಾದ ಮೊದಲ 12 ದಿನದಲ್ಲೇ 10 ಜನರ ಹಿಮ್ಮಡಿ ಹಿಂದಿನ ಅಕಿಲಿಸ್ ರಜ್ಜು ಹರಿಯಿತು. ಬೇರೆ ವರ್ಷಗಳಲ್ಲಿ ಇಡೀ ಸೀಸನ್‌ಗೆ ಹೆಚ್ಚುಕಡಿಮೆ ಅಷ್ಟು ಆಗುತ್ತಿತ್ತು. ನಮ್ಮ ಕಡೆ ರೈತನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೇಸಿಗೆಯೆಲ್ಲ ಕಟ್ಟಿಹಾಕಿದ್ದ ಎತ್ತನ್ನು ಮೃಗಶಿರಾ ಮಳೆ ಬಿದ್ದ ಮೊದಲ ದಿನವೇ ಸಂಜೆವರೆಗೆ ಹೂಡುವುದಿಲ್ಲ. ಒಂದೆರಡು ತಾಸು ಹೂಡಿ ಬಿಚ್ಚುತ್ತಾನೆ. ಹೆಗಲು ಪಳಗಬೇಕು.

ಈ ಮಾತಿಗೆ ಒಂದು ಸೂತ್ರವನ್ನೂ ಕಟ್ಟಿದ್ದರು. ಆಸ್ಟ್ರೇಲಿಯಾದ ಟಿಮ್ ಗ್ಯಾಬೆಟ್ ಎಂಬ ಸಂಶೋಧಕ, ಈ ವಾರದ ಹೊರೆಯನ್ನು ಕಳೆದ ನಾಲ್ಕು ವಾರದ ಸರಾಸರಿಯಿಂದ ಭಾಗಿಸಿ ನೋಡಿ ಅಂದರು. 0.8ರಿಂದ 1.3 ಒಳಗಿದ್ದರೆ ಒಳ್ಳೆಯದು, 1.5 ದಾಟಿದರೆ ಅಪಾಯ. ಕ್ಲಬ್‌ಗಳು ಇದಕ್ಕೆ ಮುಗಿಬಿದ್ದವು. ಆಮೇಲೆ ಅಂಕಿಅಂಶ ಬಲ್ಲವರು, ಈ ಭಾಗಾಕಾರ ಅಷ್ಟು ಭದ್ರವಲ್ಲ, ಇದರಿಂದ ಯಾರ ಗಾಯವನ್ನೂ ಮೊದಲೇ ಹೇಳಲಾಗದು ಎಂದು ತಕರಾರು ತೆಗೆದರು. ಅವರ ಮಾತೂ ಸರಿ. ಸೂತ್ರ ಬಿದ್ದರೂ ಅದರ ಹಿಂದಿನ ಬುದ್ಧಿ ಬಿದ್ದಿಲ್ಲ: ಹೊರೆ ಮೆಲ್ಲಗೆ ಏರಲಿ, ಧಡಾರನೆ ಬೇಡ.

40 ದಾಟಿದ ಸುನಿಲ್ ಛೆಟ್ರಿ 2024-25ರ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾದರು. ಅದನ್ನು ಬರೀ ಪವಾಡ ಅಂದುಕೊಂಡರೆ ಅವರಿಗೆ ಅನ್ಯಾಯ. ವರ್ಷವಿಡೀ ಮೈಯನ್ನು ಪೂರ್ತಿ ತಣ್ಣಗಾಗಲು ಬಿಡದ ಶಿಸ್ತು ಅದು.

ಈಗ ಕಲಬುರಗಿಗೆ ಬರೋಣ. ಇಲ್ಲಿನ ಹುಡುಗರಿಗೆ ವರ್ಷಕ್ಕೆ 60 ಪಂದ್ಯ ಎಲ್ಲಿಂದ ಬರಬೇಕು? ತಿಂಗಳುಗಟ್ಟಲೆ ಸಂಜೆಯ ಆಟ ಬಿಟ್ಟರೆ ಏನೂ ಇಲ್ಲ. ಆಮೇಲೆ ಒಂದು ಟೂರ್ನಮೆಂಟ್ ಬರುತ್ತದೆ. ನಾಲ್ಕೈದು ದಿನದಲ್ಲಿ ಎಲ್ಲ ಮುಗಿಯಬೇಕು. ಯಾಕೆಂದರೆ ಮೈದಾನ ಸಿಕ್ಕಿರುವುದೇ ಅಷ್ಟು ದಿನಕ್ಕೆ, ಹೊರಗಿಂದ ಬಂದ ತಂಡಗಳ ಊಟ-ವಸತಿ ನೋಡಬೇಕು, ಮುಖ್ಯ ಅತಿಥಿ ಭಾನುವಾರವೇ ಬರುವವರು. ಹಾಗಾಗಿ ಭಾನುವಾರ ಬೆಳಿಗ್ಗೆ ಸೆಮಿಫೈನಲ್, ಸಂಜೆ ಫೈನಲ್. ರೋಡ್ರಿ ದೂರುವುದು ಮೂರು ದಿನಕ್ಕೊಂದು ಪಂದ್ಯ ಅಂತ. ಇಲ್ಲಿ ಒಂದೇ ದಿನಕ್ಕೆ ಎರಡು.

ಆ ಎರಡು ಪಂದ್ಯಗಳ ನಡುವಿನ ಹೊತ್ತು ಹೇಗಿರುತ್ತದೆ ನೋಡಿ. ಹನ್ನೊಂದು ಗಂಟೆ. ಬೇವಿನ ಗಿಡದ ನೆರಳಿಗೆ ತಂಡ ಬಿದ್ದುಕೊಂಡಿದೆ. ಯಾರೋ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಮಿರ್ಚಿ ಭಜಿ, ಸುಸಲಾ, ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ. ಬೂಟು ಬಿಚ್ಚಿದವರ ಸಾಕ್ಸ್ ಮೇಲೆ ಉಪ್ಪಿನ ಬಿಳಿ ಗೆರೆ. ಒಬ್ಬ ಮೀನಖಂಡ ಒತ್ತಿಕೊಳ್ಳುತ್ತ, "ಸರ್, ಕಾಲು ಹಿಡಿಲತ್ತದ್ರಿ" ಅನ್ನುತ್ತಾನೆ. "ಏನಾಗಲ್ಲ ತಗೋ, ಸ್ಪ್ರೇ ಹೊಡ್ಕೋ, ಸಂಜಿಗಿ ಇನ್ನಾ ಟೈಮ್ ಅದ" ಎಂಬುದು ಉತ್ತರ. ಸ್ಪ್ರೇ ಮಾಡುವುದು ಚರ್ಮವನ್ನು ಜೋಮು ಹಿಡಿಸುವುದನ್ನು ಮಾತ್ರ. ಒಳಗಿನ ಸ್ನಾಯುವಿಗೆ ಅದರಿಂದ ಏನೂ ಆಗದು. ನೋವು ಅನ್ನುವುದು ಮೈ ಕೊಡುವ ಎಚ್ಚರಿಕೆ, ಅದರ ಬಾಯಿ ಮುಚ್ಚಿಸಿ ಸಂಜೆ ಮತ್ತೆ ಓಡಿಸುತ್ತೇವೆ. ಇನ್ನು ಭಜಿ. ಹುಡುಗರ ರುಚಿಗೆ ನನ್ನ ತಕರಾರಿಲ್ಲ, ಆದರೆ ಎಣ್ಣೆ ಜೀರ್ಣವಾಗಲು ತಾಸುಗಟ್ಟಲೆ ಬೇಕು. ಆ ಹೊತ್ತಿಗೆ ಬೇಕಿರುವುದು ಮೊಸರನ್ನ, ಬಾಳೆಹಣ್ಣು, ರೊಟ್ಟಿ-ಬೇಳೆ. ನಮ್ಮ ಕಲಬುರಗಿ ತೊಗರಿಬೇಳೆಗೆ ಜಿಐ ಪಟ್ಟ ಸಿಕ್ಕಿದೆ, ಆದರೆ ಮೈದಾನಕ್ಕೆ ಮಾತ್ರ ಅದು ಇನ್ನೂ ಬಂದಿಲ್ಲ.

ಬಿಸಿಲಿನ ಮಾತು ಬೇರೆಯೇ ಹೇಳಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಹೊತ್ತನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುತ್ತಾರೆ. ಫ್ಯಾನ್ ಕೆಳಗೆ ಕೂತು ಫೈಲು ನೋಡುವವರಿಗೇ ಈ ವಿನಾಯಿತಿ. ಬೇಸಿಗೆ ರಜೆ ಅಂತ ಅದೇ ತಿಂಗಳಲ್ಲಿ ಮಧ್ಯಾಹ್ನ ಮೂರೂವರೆಗೆ ಪಂದ್ಯ ಇಡುತ್ತೇವೆ!

ಫಿಫಾ ಬಿಸಿಲನ್ನು ಅಳೆಯುವುದು ಸಾದಾ ಥರ್ಮಾಮೀಟರ್‌ನಿಂದಲ್ಲ. ಗಾಳಿಯ ಉಷ್ಣಾಂಶ, ತೇವ, ನೇರ ಬಿಸಿಲು ಮೂರನ್ನೂ ಸೇರಿಸಿದ ಡಬ್ಲ್ಯುಬಿಜಿಟಿ ಎಂಬ ಅಳತೆ ಇದೆ. ಅದರಲ್ಲಿ ನೂರಕ್ಕೆ 70 ತೂಕ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್‌ಗೆ, 20 ನೇರ ಬಿಸಿಲಿಗೆ, ಬರೀ 10 ನಾವು ದಿನಾ ಪೇಪರಿನಲ್ಲಿ ಓದುವ ಉಷ್ಣಾಂಶಕ್ಕೆ. ಇದು 32 ಡಿಗ್ರಿ ದಾಟಿದರೆ ನಡುವೆ ನೀರು ಕುಡಿಯುವ ವಿರಾಮ ಕೊಡಬೇಕು ಎಂಬುದು ಫಿಫಾ ನಿಯಮ. 2014ರ ವಿಶ್ವಕಪ್‌ನಲ್ಲಿ ಫೋರ್ಟಲೇಜಾದಲ್ಲಿ ನಡೆದ ನೆದರ್ಲೆಂಡ್ಸ್-ಮೆಕ್ಸಿಕೊ ಪಂದ್ಯದಲ್ಲಿ ಇಂಥ ವಿರಾಮ ಕೊಟ್ಟಿದ್ದರು. 28 ದಾಟಿದರೆ ಪಂದ್ಯವನ್ನೇ ಮುಂದೂಡಿ ಅನ್ನುವುದು ಆಟಗಾರರ ಒಕ್ಕೂಟದ ವಾದ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಡಾರ್ಟ್‌ಮಂಡ್ ತಂಡ ತನ್ನ ಬದಲಿ ಆಟಗಾರರನ್ನು ಮೊದಲರ್ಧ ಪೂರ್ತಿ ಡ್ರೆಸ್ಸಿಂಗ್ ರೂಮಿನಲ್ಲೇ ಕೂರಿಸಿ ಟಿವಿಯಲ್ಲಿ ಪಂದ್ಯ ತೋರಿಸಿತು, ಸಿನ್ಸಿನ್ನಾಟಿಯ ಬಿಸಿಲಿಗೆ ಹೆದರಿ.

ಈ ಅಳತೆಯ ಪ್ರಕಾರ ನೋಡಿದರೆ ಕೊಚ್ಚಿಯ 34 ಡಿಗ್ರಿ ಜಿಗುಟು ಸಂಜೆ ಕಲಬುರಗಿಯ ಒಣ 42 ಡಿಗ್ರಿಗಿಂತ ಕೆಟ್ಟದ್ದಾಗಿರಬಹುದು. ಅಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹಾಗಂತ ನಾವು ಖುಷಿಪಡುವಂತಿಲ್ಲ. ಇಲ್ಲಿ ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ. ಅಂಗಿ ಒಣಗಿದೆ, ಹಾಗಾಗಿ ಬೆವರಿಲ್ಲ ಅಂದುಕೊಳ್ಳುತ್ತಾನೆ ಹುಡುಗ. ಬಿಸಿಲಿನ ಪಂದ್ಯದಲ್ಲಿ ಎರಡು-ಮೂರು ಲೀಟರ್ ನೀರು ಮೈಯಿಂದ ಹೋಗಿರುತ್ತದೆ. ಮೈತೂಕದಲ್ಲಿ ನೂರಕ್ಕೆ ಎರಡರಷ್ಟು ನೀರು ಹೋದರೂ ಆಟ ಕುಸಿಯತೊಡಗುತ್ತದೆ. 60 ಕಿಲೋ ಹುಡುಗನಿಗೆ ಅದು ಬರೀ 1.2 ಲೀಟರ್.

ಇದನ್ನು ಹಿಡಿಯಲು ದುಬಾರಿ ಯಂತ್ರ ಬೇಡ. ಪಂದ್ಯದ ಮುಂಚೆ, ಪಂದ್ಯದ ನಂತರ ತೂಕ ನೋಡಿ. ಒಂದು ಕಿಲೋ ಕಡಿಮೆಯಾದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ ಅಂತ. ಮುಂದಿನ ಕೆಲವು ತಾಸಿನಲ್ಲಿ ಒಂದೂವರೆ ಲೀಟರ್ ಕುಡಿಯಬೇಕು, ಒಮ್ಮೆಲೇ ಅಲ್ಲ. ಬರೀ ನೀರನ್ನೇ ಕೊಡ ಗಟ್ಟಲೆ ಕುಡಿದರೂ ಅಪಾಯ. ರಕ್ತದಲ್ಲಿ ಉಪ್ಪಿನ ಅಂಶ ತೆಳುವಾಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಸಾಕು. ಇನ್ನೊಂದು ಮಾತು. ಮೈ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು. ಬೆಂಗಳೂರಿನ ತಂಪಿನಲ್ಲಿ ಓದುತ್ತಿದ್ದ ಹುಡುಗ ರಜೆಗೆ ಬಂದ ಮರುದಿನವೇ ಮೇ ತಿಂಗಳ ಟೂರ್ನಮೆಂಟ್‌ನಲ್ಲಿ ಇಳಿದರೆ, ಊರಿನವನೇ ಆದರೂ ಅವನ ಮೈ ಊರಿನದಾಗಿರುವುದಿಲ್ಲ. ಬೀದರ್ ಇಲ್ಲಿಗಿಂತ ಎತ್ತರದಲ್ಲಿದೆ, ಒಂದಿಷ್ಟು ತಂಪು. ಯಾದಗಿರಿಯದು ನಮ್ಮದೇ ಹಣೆಬರಹ.

ರಂಜಾನ್ ತಿಂಗಳ ವಿಚಾರದಲ್ಲಿ ಮಾತ್ರ ನಮ್ಮ ಹುಡುಗರು ಬುದ್ಧಿವಂತರು ಅಂತ ಒಪ್ಪಬೇಕು. ರೋಜಾ ಇರುವವರು ಜಾಸ್ತಿ ಇರುವ ತಂಡಗಳಲ್ಲಿ ಆಟ ತಾನಾಗೇ ರಾತ್ರಿಗೆ ಸರಿಯುತ್ತದೆ, ಇಫ್ತಾರ್ ಮುಗಿದು, ತರಾವೀಹ್ ಮುಗಿದ ಮೇಲೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 2021ರ ಏಪ್ರಿಲ್‌ನ ಒಂದು ಪಂದ್ಯದಲ್ಲಿ ಸೂರ್ಯ ಮುಳುಗಿದ ಮೇಲೆ ಚೆಂಡು ಹೊರಹೋದಾಗ ಒಂದು ಗಳಿಗೆ ಆಟ ನಿಲ್ಲಿಸಿ ಆಟಗಾರರಿಗೆ ರೋಜಾ ಬಿಡಲು ಅವಕಾಶ ಕೊಟ್ಟರು; ಈಗ ಅದು ಅಲ್ಲಿ ರೂಢಿ. ನಮ್ಮಲ್ಲಿ ಉಳಿದಿರುವ ತೊಂದರೆ ನಿದ್ದೆಯದು. ರಾತ್ರಿ ಹನ್ನೆರಡರ ತನಕ ಆಟ, ನಸುಕಿನಲ್ಲಿ ಸೆಹ್ರಿ. ಆ ತಿಂಗಳು ಆಟದ ಹೊತ್ತನ್ನು ಅರ್ಧ ಮಾಡಿ, ಚೆಂಡಿನ ಕೆಲಸ ಜಾಸ್ತಿ ಮಾಡಿ, ಬಿರುಸಿನ ಓಟ ಕಡಿಮೆ ಮಾಡಿದರೆ ಸಾಕು.

ನಿದ್ದೆಗೆಡುವುದಕ್ಕೆ ರಂಜಾನೇ ಬೇಕಿಲ್ಲ ಬಿಡಿ. ಚಾಂಪಿಯನ್ಸ್ ಲೀಗ್ ಪಂದ್ಯ ನಮಗೆ ಹೆಚ್ಚಾಗಿ ರಾತ್ರಿ ಹನ್ನೆರಡೂವರೆಗೆ ಇಲ್ಲವೇ ಒಂದೂವರೆಗೆ. ಅದನ್ನು ಮೊಬೈಲಿನಲ್ಲಿ ನೋಡಿ ಮುಗಿಸಿ ಆರು ಗಂಟೆಗೆ ಪ್ರಾಕ್ಟೀಸ್‌ಗೆ ಬರುವ ಹುಡುಗ ಪೆಡ್ರಿಗಿಂತ ಜಾಸ್ತಿ ದಣಿದಿರುತ್ತಾನೆ. ಅಮೆರಿಕದಲ್ಲಿ ಶಾಲಾ ಕ್ರೀಡಾಪಟುಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ 8 ತಾಸಿಗಿಂತ ಕಡಿಮೆ ಮಲಗುವವರಿಗೆ ಗಾಯ ಆಗುವ ಸಾಧ್ಯತೆ 1.7 ಪಟ್ಟು ಹೆಚ್ಚು ಎಂದು ಕಂಡುಬಂತು.

ಹುಡುಗಿಯರ ತಂಡಗಳ ವಿಷಯದಲ್ಲಿ "ಸ್ಟ್ಯಾಮಿನಾ ಇಲ್ಲ" ಅನ್ನುವ ಮಾತು ಇನ್ನೂ ತಪ್ಪು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಸ್ನಾಯುವಿಗೆ ಆಮ್ಲಜನಕ ತಲುಪುವುದೇ ಕಡಿಮೆ. ಅವಳನ್ನು ಎಷ್ಟು ಸುತ್ತು ಓಡಿಸಿದರೂ ದಮ್ಮು ಬರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತದ ಪರೀಕ್ಷೆ, ಬೇಕಿದ್ದರೆ ಕಬ್ಬಿಣದ ಮಾತ್ರೆ. ತಂಡ ಕಟ್ಟುವ ಮೊದಲ ವಾರದ ಕೆಲಸ ಇದಾಗಬೇಕು. ಓಟ ಆಮೇಲೆ.

ಇನ್ನು ಬೆಂಗಳೂರಿಗೆ ಆಯ್ಕೆಗೆ ಹೋಗುವವರ ಪಾಡು. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ಕಿಟ್ ಬ್ಯಾಗನ್ನು ತೊಡೆಮೇಲೆ ಇಟ್ಟುಕೊಂಡು ಕೂತಲ್ಲೇ ತೂಕಡಿಸಿ, ಬೆಳಿಗ್ಗೆ ಇಳಿದು, ನಿಲ್ದಾಣದಲ್ಲೇ ಮುಖ ತೊಳೆದು, ಇಡ್ಲಿ ತಿಂದು ಸೀದಾ ಮೈದಾನಕ್ಕೆ. ಅಲ್ಲಿ ತನ್ನನ್ನು ತೋರಿಸಿಕೊಳ್ಳಲು ಸಿಗುವುದು ಅರ್ಧ ಗಂಟೆ. ಪಕ್ಕದಲ್ಲಿ ಓಡುತ್ತಿರುವವನು ಮನೆಯಲ್ಲಿ ಮಲಗಿ ಎದ್ದು ಸ್ಕೂಟರ್‌ನಲ್ಲಿ ಬಂದವನು. ಆಯ್ಕೆಗಾರರ ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೆ ಬೀಳುವ ಅಂಕ ಮಾತ್ರ ಒಂದೇ ಅಳತೆಯದು. ನಮ್ಮ ಕಡೆಯ ಹುಡುಗರು ದೊಡ್ಡ ತಂಡಗಳಲ್ಲಿ ಯಾಕೆ ಕಾಣುವುದಿಲ್ಲ ಅನ್ನುವುದಕ್ಕೆ ಹತ್ತು ಕಾರಣ ಇರಬಹುದು. ಆ ಒಂದು ರಾತ್ರಿಯ ನಿದ್ದೆಯನ್ನೂ ಆ ಪಟ್ಟಿಗೆ ಸೇರಿಸಬೇಕು. ಒಂದು ದಿನ ಮುಂಚೆ ಕಳಿಸಿ ಒಂದು ರಾತ್ರಿ ಮಲಗಿಸಲು ಬೇಕಾಗುವ ಹಣ, ತಂಡದ ಹೊಸ ಜೆರ್ಸಿಗೆ ಸುರಿಯುವ ಹಣಕ್ಕಿಂತ ಕಡಿಮೆ.

ಒಂದು ದಿನ ಬಿಟ್ಟು ಒಂದು ದಿನ ಪಂದ್ಯ ಆಡಿಸುವ ಪದ್ಧತಿ ನಮ್ಮ ಊರಿನದಷ್ಟೇ ಅಲ್ಲ ಅನ್ನುವುದನ್ನೂ ಹೇಳಬೇಕು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಗುಂಪು ಪಂದ್ಯಗಳು ನಡೆಯುವುದೇ ಹಾಗೆ. 2023ರಲ್ಲಿ ಕರ್ನಾಟಕ ಇಂಥ ಗುಂಪು ದಾಟಿಕೊಂಡು ರಿಯಾದ್‌ಗೆ ಹೋಗಿ, ಮಾರ್ಚ್ 1ರಂದು ಸೆಮಿಫೈನಲ್, 4ರಂದು ಮೇಘಾಲಯದ ವಿರುದ್ಧ 3-2ರ ಫೈನಲ್ ಗೆದ್ದು 54 ವರ್ಷದ ನಂತರ ಕಪ್ ತಂದಿತು. ಇಂಥ ಕಡೆ ಹನ್ನೊಂದು ಜನ ಒಳ್ಳೆಯವರಿದ್ದರೆ ಸಾಲದು. ಇಪ್ಪತ್ತು ಜನರನ್ನು ತಿರುಗಿಸಿ ಆಡಿಸುವ ಕೋಚ್ ಬೇಕು.

ದೊಡ್ಡ ಕ್ಲಬ್‌ಗಳಲ್ಲಿ ಆಟಗಾರನ ಬೆನ್ನಿಗೆ ಜಿಪಿಎಸ್ ಇರುವ ಬಿಗಿ ಬನಿಯನ್ ಇರುತ್ತದೆ, ರಕ್ತದ ಪರೀಕ್ಷೆ ಇರುತ್ತದೆ. ನಮಗೆ ಒಂದು ನೋಟ್‌ಬುಕ್ ಸಾಕು. ಆಟ ಮುಗಿದು ಅರ್ಧ ತಾಸಿನ ಮೇಲೆ ಪ್ರತಿಯೊಬ್ಬನಿಗೂ ಕೇಳಿ: ಇವತ್ತು ಎಷ್ಟು ಕಷ್ಟ ಆಯಿತು, ಸೊನ್ನೆಯಿಂದ ಹತ್ತರೊಳಗೆ ಹೇಳು. ಅದನ್ನು ಆಡಿದ ನಿಮಿಷಗಳಿಂದ ಗುಣಿಸಿ. 60 ನಿಮಿಷ, ಕಷ್ಟ 7 ಅಂದರೆ 420. ಅಮೆರಿಕದ ಕಾರ್ಲ್ ಫಾಸ್ಟರ್ ಈ ವಿಧಾನ ಕೊಟ್ಟು ದಶಕಗಳೇ ಆದವು, ದೊಡ್ಡ ಕ್ಲಬ್‌ಗಳು ಇಂದಿಗೂ ಬಿಟ್ಟಿಲ್ಲ. ನಾಲ್ಕು ವಾರ ಬರೆದಿಟ್ಟರೆ ಯಾರ ಅಂಕಿ ಇದ್ದಕ್ಕಿದ್ದಂತೆ ಏರಿತು ಅನ್ನುವುದು ಪುಟದ ಮೇಲೇ ಕಾಣುತ್ತದೆ. ಒಂದೇ ಷರತ್ತು. ಹುಡುಗರು ನಿಜ ಹೇಳಬೇಕು. "9 ಸರ್" ಅಂದವನನ್ನು ಮುಂದಿನ ಪಂದ್ಯದಿಂದ ಕೈಬಿಟ್ಟರೆ ಅವತ್ತಿನಿಂದ ಎಲ್ಲರೂ 5 ಅನ್ನುತ್ತಾರೆ.

ಜೊತೆಗೆ ಎರಡು ಅಭ್ಯಾಸ. ಫಿಫಾದ '11+' ಎಂಬ ವಾರ್ಮಪ್ ಇದೆ, 20 ನಿಮಿಷದ್ದು, ಚೆಂಡು ಬಿಟ್ಟರೆ ಬೇರೆ ಸಾಮಾನು ಬೇಕಿಲ್ಲ. ನಾರ್ವೆಯ ಹುಡುಗಿಯರ ತಂಡಗಳಲ್ಲಿ ಇದನ್ನು ಮಾಡಿಸಿದಾಗ ಗಾಯಗಳು ಸುಮಾರು ಮೂರನೇ ಒಂದು ಪಾಲು ಇಳಿದವು. ಇನ್ನೊಂದು ನಾರ್ಡಿಕ್. ಮೊಣಕಾಲೂರಿ ಕೂರಬೇಕು, ಜೊತೆಗಾರ ಹಿಮ್ಮಡಿ ಒತ್ತಿ ಹಿಡಿಯಬೇಕು, ಸೊಂಟ ಬಗ್ಗಿಸದೆ ಮೆಲ್ಲಗೆ ಮುಂದಕ್ಕೆ ಬಾಗುತ್ತ ಹೋಗಬೇಕು. ಇದನ್ನು ಸೇರಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಅರ್ಧಕ್ಕೆ ಇಳಿದಿದೆ. ಮೊದಲ ವಾರ ತೊಡೆ ಸಿಕ್ಕಾಪಟ್ಟೆ ನೋಯುತ್ತದೆ, ಅದಕ್ಕೇ ಹುಡುಗರು ಬಿಟ್ಟುಬಿಡುತ್ತಾರೆ. ಆರಂಭದಲ್ಲಿ ಐದೈದೇ ಸಲ ಮಾಡಿಸಿ. ಪಂದ್ಯದ ಹಿಂದಿನ ದಿನ ಮಾತ್ರ ಬೇಡ.

ಟೂರ್ನಮೆಂಟ್ ನಡೆಸುವವರ ಕೈಯಲ್ಲಿ ಇದೆಲ್ಲಕ್ಕಿಂತ ದೊಡ್ಡ ಕೀಲಿ ಇದೆ. ಕೆಳಹಂತದ ಮತ್ತು ಎಳೆಯರ ಪಂದ್ಯಗಳಲ್ಲಿ ಹೊರಬಂದ ಆಟಗಾರ ಮತ್ತೆ ಒಳಗೆ ಹೋಗಬಹುದು ಎಂಬ ನಿಯಮವನ್ನು ಫುಟ್‌ಬಾಲ್ ಕಾನೂನೇ ಒಪ್ಪುತ್ತದೆ, ರಾಷ್ಟ್ರೀಯ ಸಂಸ್ಥೆ ಅನುಮತಿ ಕೊಟ್ಟರೆ. ಅದನ್ನು ಬಳಸಿಕೊಳ್ಳಿ. ತಂಡಕ್ಕೆ 20 ಹೆಸರು ಬರೆಸಿ. ಮೇ ತಿಂಗಳಲ್ಲಿ ಪಂದ್ಯ ಬೆಳಿಗ್ಗೆ ಏಳಕ್ಕೆ, ಇಲ್ಲವೇ ದೀಪ ಇದ್ದರೆ ರಾತ್ರಿಗೆ ಇಡಿ. ಒಂದೇ ದಿನ ಎರಡು ಪಂದ್ಯ ತಪ್ಪಿಸಲು ಆಗದಿದ್ದರೆ ಬೆಳಗಿನ ಪಂದ್ಯವನ್ನಾದರೂ 25 ನಿಮಿಷದ ಎರಡು ಅರ್ಧಕ್ಕೆ ಇಳಿಸಿ. ಫೈನಲ್ ಮುಂದಿನ ಭಾನುವಾರಕ್ಕೆ ಹಾಕಿದರೆ ರಾಯಚೂರು, ಸೊಲ್ಲಾಪುರದ ತಂಡಗಳು ಮತ್ತೊಮ್ಮೆ ಬರಬೇಕಾಗುತ್ತದೆ ಅನ್ನುವುದು ನಿಜವಾದ ತೊಡಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಹುಮಾನದ ಮೊತ್ತದಲ್ಲಿ ಒಂದು ಪಾಲನ್ನು ಆ ಎರಡು ತಂಡಗಳ ಬಸ್ ಖರ್ಚಿಗೆ ಮೊದಲೇ ತೆಗೆದಿಟ್ಟರೆ ಆಗದ ಕೆಲಸವೇನಲ್ಲ. ಟ್ರೋಫಿ ಒಂದು ಅಡಿ ಗಿಡ್ಡ ಇದ್ದರೂ ನಡೆಯುತ್ತದೆ.